ಶೋಧನೆಗೆ ಹೊಸ್ತಿಲಲ್ಲೇ ಉತ್ತರ

ಕೆಟ್ಟ ಆಲೋಚನೆ ಮನಸ್ಸಿಗೆ ಬರುವುದು ಪಾಪವಲ್ಲ, ಅದಕ್ಕೆ ಮನಸ್ಸು ಒಪ್ಪಿಗೆ ಕೊಡುವುದು ಪಾಪ. ಪ್ರಲೋಭನೆಯ ಬಗ್ಗೆ ಕ್ರೈಸ್ತ ಚಿಂತನೆ ನಿಂತಿರುವುದು ಈ ವಿವೇಚನೆಯ ಮೇಲೆ. ಇದಕ್ಕೆ ಆಧಾರ ಯೇಸುಕ್ರಿಸ್ತನ ಬದುಕೇ. ದೀಕ್ಷಾಸ್ನಾನವಾದ ಬೆನ್ನಿಗೇ ಯೇಸು 40 ದಿನ ಬೆಂಗಾಡಿನಲ್ಲಿದ್ದು ಸೈತಾನನಿಂದ ಶೋಧನೆಗೆ, ಅಂದರೆ ಪ್ರಲೋಭನೆಗೆ, ಒಳಗಾದುದನ್ನು ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳು ಹೇಳುತ್ತವೆ. ಮನುಷ್ಯರಿಗೆ ಎದುರಾಗುವ ಶೋಧನೆಗಳೆಲ್ಲ ಯೇಸುವಿಗೂ ಎದುರಾದವು, ಪಾಪ ಮಾತ್ರ ಆತನನ್ನು ಮುಟ್ಟಲಿಲ್ಲ ಎಂಬುದು ಇಬ್ರಿಯರಿಗೆ ಬರೆದ ಪತ್ರದ ಸಾರ. ಆದ್ದರಿಂದ ಮನಸ್ಸಿನಲ್ಲಿ ದುರಾಲೋಚನೆ ಸುಳಿಯಿತೆಂಬ ಕಾರಣಕ್ಕೇ ಯಾರೂ ತಮ್ಮನ್ನು ಪತಿತರೆಂದು ಬಗೆಯಬೇಕಾಗಿಲ್ಲ. ಆಲೋಚನೆ ಸುಳಿದ ಮರುಕ್ಷಣ ಏನು ಮಾಡಬೇಕೆಂಬುದೇ ಮುಖ್ಯ.

ಬೆಂಗಾಡಿನ ಪ್ರಸಂಗದಲ್ಲಿ ಮೂರು ಶೋಧನೆಗಳಿವೆ. ಹಸಿದ ಯೇಸುವಿಗೆ ಕಲ್ಲನ್ನು ರೊಟ್ಟಿಯಾಗಿಸುವ ಸಲಹೆ ಮೊದಲು ಬರುತ್ತದೆ. ಆಮೇಲೆ ದೇವಾಲಯದ ತುದಿಯಿಂದ ಧುಮುಕಿ ದೇವರ ರಕ್ಷಣೆಯನ್ನು ಪರೀಕ್ಷಿಸುವ ಸವಾಲು, ಕೊನೆಗೆ ಸೈತಾನನಿಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳೆಲ್ಲ ಸಿಗುತ್ತವೆಂಬ ಆಮಿಷ. ಇದು ಮತ್ತಾಯನ ಕ್ರಮ. ಲೂಕನಲ್ಲಿ ಕೊನೆಯ ಎರಡು ಅದಲುಬದಲಾಗಿವೆ. ಹಸಿವು ತಪ್ಪಲ್ಲ, ರೊಟ್ಟಿಯೂ ಕೆಟ್ಟದ್ದಲ್ಲ. ಪ್ರಲೋಭನೆ ಸಾಮಾನ್ಯವಾಗಿ ಇಂಥ ನ್ಯಾಯವಾದ ಅಗತ್ಯದ ಬೆನ್ನೇರಿಯೇ ಬರುತ್ತದೆ. ಎರಡನೆಯ ಸಲ ಸೈತಾನನು ಕೀರ್ತನೆಯ ಮಾತನ್ನೇ ಉದಾಹರಿಸುತ್ತಾನೆ. ಧರ್ಮಗ್ರಂಥವೂ ಆಮಿಷದ ಸಾಧನವಾಗಬಲ್ಲದು. ಯೇಸು ಕೊಡುವ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು, ಇಸ್ರಾಯೇಲರು 40 ವರ್ಷ ಮರುಭೂಮಿಯಲ್ಲಿ ಅಲೆದು ಕಲಿತ ಪಾಠಕ್ಕೆ ಸೇರಿದವು. ಮೂರೂ ಚುಟುಕಾಗಿವೆ. ಆದಿಕಾಂಡದ ಏದೆನ್ ತೋಟದಲ್ಲಿ ಹವ್ವಳು ಸರ್ಪದೊಂದಿಗೆ ಮಾತಿಗೆ ಮಾತು ಬೆಳೆಸಿ, ಹಣ್ಣನ್ನು ನೋಡುತ್ತ ನಿಂತು ಸೋತಳು. ಬೆಂಗಾಡಿನಲ್ಲಿ ಚರ್ಚೆಯೇ ನಡೆಯಲಿಲ್ಲ.

ಯಾಕೋಬನ ಪತ್ರಿಕೆ ಪ್ರಲೋಭನೆ ಬೆಳೆಯುವ ಕ್ರಮವನ್ನು ತೋರಿಸುತ್ತದೆ. ದೇವರು ಯಾರನ್ನೂ ಪಾಪಕ್ಕೆ ಪ್ರೇರೇಪಿಸುವುದಿಲ್ಲ; ಮನುಷ್ಯನ ಸ್ವಂತ ಆಸೆ ಅವನನ್ನು ಎಳೆಯುತ್ತದೆ, ಆಸೆ ಬಸಿರಾಗಿ ಪಾಪವನ್ನು ಹೆರುತ್ತದೆ, ಬಲಿತ ಪಾಪ ಸಾವಿಗೆ ಒಯ್ಯುತ್ತದೆ. ಈ ಬೆಳವಣಿಗೆಗೆ ನಿದರ್ಶನವಾಗುವ, ತಾಯಿ ಮೋನಿಕಾಳ ಬಾಲ್ಯದ ಘಟನೆಯೊಂದನ್ನು ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಹೇಳುತ್ತಾರೆ. ಮನೆಯ ಪೀಪಾಯಿಯಿಂದ ದ್ರಾಕ್ಷಾರಸ ತರುವುದು ಆ ಹುಡುಗಿಯ ಕೆಲಸ. ಹೂಜಿಗೆ ತುಂಬುವ ಮುನ್ನ ತುಟಿಯ ತುದಿಗಷ್ಟೇ ತಾಗಿಸಿ ರುಚಿ ನೋಡುತ್ತಿದ್ದಳು, ಕುಡಿಯುವ ಚಪಲಕ್ಕಲ್ಲ, ಹುಡುಗಾಟಕ್ಕೆ. ದಿನದಿನವೂ ಒಂದಿಷ್ಟು ಸೇರುತ್ತ ಹೋಗಿ ಕೊನೆಗೆ ಬಟ್ಟಲು ತುಂಬ ಕುಡಿಯುವ ಅಭ್ಯಾಸವಾಯಿತು. ಜೊತೆಗಿದ್ದ ದಾಸಿ ಒಮ್ಮೆ ಜಗಳದಲ್ಲಿ ಕುಡುಕಿ ಎಂದು ಚುಚ್ಚಿದಳು. ಆ ಮಾತು ನಾಟಿ, ಹುಡುಗಿ ಚಟವನ್ನು ಅಂದೇ ಬಿಟ್ಟಳು. ಮನೆಯವರ ಕಟ್ಟುನಿಟ್ಟು ಸಾಧಿಸದಿದ್ದುದನ್ನು ಜಗಳಗಂಟಿ ದಾಸಿಯ ಮಾತು ಸಾಧಿಸಿತು. ಅದರ ಹಿಂದೆ ಅಗಸ್ಟೀನರು ಕಾಣುವುದು ದೇವರ ಕೈಯನ್ನು.

ಪ್ರಲೋಭನೆಯನ್ನು ಶಾಸ್ತ್ರದಂತೆ ಕೂಲಂಕಷವಾಗಿ ಅಧ್ಯಯನ ಮಾಡಿದವರು 4ನೆಯ ಶತಮಾನದ ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳು. ಅವರಲ್ಲಿ ಇವಾಗ್ರಿಯಸ್ ಪ್ರಮುಖ. ಈತ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಹೆಸರು ಮಾಡಿದ್ದ ಧರ್ಮಸೇವಕ. ವಿವಾಹಿತ ಮಹಿಳೆಯೊಬ್ಬಳ ಮೋಹಕ್ಕೆ ಸಿಲುಕಿದಾಗ ಆ ಊರನ್ನೇ ಬಿಟ್ಟು ಜೆರುಸಲೇಮಿಗೆ, ಅಲ್ಲಿಂದ ಈಜಿಪ್ಟಿಗೆ ಹೋಗಿ, 399ರಲ್ಲಿ ಸಾಯುವವರೆಗೂ ಮರುಭೂಮಿಯಲ್ಲೇ ಇದ್ದ. ಮನುಷ್ಯನನ್ನು ಕಾಡುವ ಆಲೋಚನೆಗಳನ್ನು ಆತ ಎಂಟಾಗಿ ವಿಂಗಡಿಸಿದ: ಹೊಟ್ಟೆಬಾಕತನ, ಕಾಮ, ಧನಲೋಭ, ದುಃಖ, ಕೋಪ, ಬೇಸರ, ಹೊಗಳಿಕೆಯ ಹಂಬಲ, ಗರ್ವ. ಅರಿಷಡ್ವರ್ಗವನ್ನು ಬಲ್ಲ ಕನ್ನಡಿಗರಿಗೆ ಈ ಪಟ್ಟಿ ಬಹುಮಟ್ಟಿಗೆ ಪರಿಚಿತವೇ. ಬೇಸರಕ್ಕೂ ಇದರಲ್ಲಿ ಸ್ಥಾನ ಸಿಕ್ಕಿರುವುದು ವಿಶೇಷ. ಮುಂದೆ ಕ್ಯಾಸಿಯನ್ ಎಂಬ ಸಂನ್ಯಾಸಿ ಈ ಪಟ್ಟಿಯನ್ನು ಪಶ್ಚಿಮ ಯೂರೋಪಿಗೆ ಒಯ್ದರು. 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗರಿಯವರ ಬರಹದಲ್ಲಿ ಇದು ಏಳಕ್ಕೆ ಇಳಿದು, ಸಪ್ತ ಮಹಾಪಾಪಗಳ ಪಟ್ಟಿಗೆ ಬುನಾದಿಯಾಯಿತು.

ಇವಾಗ್ರಿಯಸ್ ಕೊಡುವ ಚಿತ್ರಣಗಳು ಇಂದಿಗೂ ಸಲ್ಲುತ್ತವೆ. ಧನಲೋಭವು ಮೊದಲು ಚಿನ್ನವನ್ನು ತೋರಿಸುವುದಿಲ್ಲ, ಹೆದರಿಕೆಯನ್ನು ತೋರಿಸುತ್ತದೆ: ಮುಪ್ಪು ದೀರ್ಘವಾಗಿದೆ, ಕೈಯಲ್ಲಿ ದುಡಿಯಲಾಗದು, ಬರಗಾಲ ಬಂದೀತು, ಕಾಯಿಲೆ ಕಾಡೀತು, ಇನ್ನೊಬ್ಬರ ಮುಂದೆ ಕೈಚಾಚುವುದು ನಾಚಿಕೆಗೇಡು. ಬೇಸರ ಬರುವುದು ನಡುಹಗಲಿನಲ್ಲಿ. ಹೊತ್ತು ಜರುಗುವುದೇ ಇಲ್ಲವೆನಿಸುತ್ತದೆ. ಸಂನ್ಯಾಸಿ ಕುಟೀರದ ಕಿಟಕಿಯತ್ತ ಪದೇಪದೇ ನೋಡುತ್ತಾನೆ. ಹೊರಗೆ ಬಂದು, ಮೂರು ಗಂಟೆಯ ಊಟಕ್ಕೆ ಇನ್ನೆಷ್ಟು ಹೊತ್ತಿದೆಯೆಂದು ಸೂರ್ಯನನ್ನು ದಿಟ್ಟಿಸುತ್ತಾನೆ. ಯಾರಾದರೂ ಮಾತಿಗೆ ಸಿಕ್ಕಾರೇ ಎಂದು ಹುಡುಕುತ್ತಾನೆ. ಕೊನೆಗೆ ಈ ಜಾಗವೇ ಸರಿಯಿಲ್ಲ, ಈ ಕೆಲಸವೇ ಬೇಡ ಎಂಬಲ್ಲಿಗೆ ಮನಸ್ಸು ಬಂದು ನಿಲ್ಲುತ್ತದೆ. ಇದಕ್ಕೆ ಆತ ಸೂಚಿಸುವ ಮದ್ದು ಕುಟೀರ ಬಿಡದೆ ಕೆಲಸದಲ್ಲಿ ಮುಂದುವರಿಯುವುದು. ಒಂದೊಂದು ಆಲೋಚನೆಗೂ ಎದುರುತ್ತರವಾಗಿ ಹೇಳಿಕೊಳ್ಳಬೇಕಾದ ಬೈಬಲ್ ವಚನಗಳನ್ನು ಆತ ಒಂದು ಪುಸ್ತಕದಲ್ಲಿ ಎಂಟು ಭಾಗಗಳಾಗಿ ಜೋಡಿಸಿಟ್ಟ. ಯೇಸು ಬೆಂಗಾಡಿನಲ್ಲಿ ಅನುಸರಿಸಿದ ವಿಧಾನವೇ ಅದಕ್ಕೆ ಮಾದರಿ. ಶೋಧನೆ ಬಂದಮೇಲೆ ಉತ್ತರ ಹುಡುಕುತ್ತ ಕೂರಲಾಗದು, ಅದು ಮೊದಲೇ ಬಾಯಲ್ಲಿರಬೇಕೆಂಬುದು ಆತನ ನಿಲುವು.

ಎಲ್ಲ ಪ್ರಲೋಭನೆಯನ್ನೂ ನಿಂತು ಎದುರಿಸಬೇಕೆಂದು ಬೈಬಲ್ ಹೇಳುವುದಿಲ್ಲ. ಆದಿಕಾಂಡದಲ್ಲಿ ಒಡೆಯ ಪೋಟೀಫರನ ಹೆಂಡತಿ ಹಿಡಿದೆಳೆದಾಗ ಯೋಸೇಫನು ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿಹೋದ. ಆ ಓಟ ಹೇಡಿತನವೆನಿಸಲಿಲ್ಲ. ಪಾಪಕ್ಕೆ ಎಡೆಮಾಡುವ ಸ್ಥಳ, ಸಹವಾಸ, ಸಂದರ್ಭಗಳಿಂದ ದೂರವಿರುವ ಸಂಕಲ್ಪವನ್ನು ಕ್ಯಾಥೋಲಿಕರು ಪಾಪನಿವೇದನೆಯ ಹೊತ್ತಿನಲ್ಲಿ ಮಾಡುವುದೂ ಇದೇ ಕಾರಣಕ್ಕೆ.

ಗುಟ್ಟು ಪ್ರಲೋಭನೆಗೆ ದೊಡ್ಡ ಬಲ. 1548ರಲ್ಲಿ ಪೋಪರ ಸಮ್ಮತಿ ಪಡೆದ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ಸಂತ ಇಗ್ನೇಷಿಯಸ್ ಲೊಯೋಲಾ, ಸೈತಾನನನ್ನು ಕಳ್ಳಪ್ರಣಯಿಗೆ ಹೋಲಿಸುತ್ತಾರೆ: ತನ್ನ ಮಾತು ಹೆಣ್ಣಿನ ತಂದೆಗೋ ಗಂಡನಿಗೋ ತಿಳಿದರೆ ಆಟ ನಡೆಯದೆಂದು ಅವನಿಗೆ ಗೊತ್ತು. ಆದ್ದರಿಂದ ಅನುಭವಿ ಗುರುವಿನ ಮುಂದೆ ಮನಸ್ಸು ಬಿಚ್ಚಿ ಹೇಳಿದರೆ ಅರ್ಧ ಗೆದ್ದಂತೆ. ಆಯ್ದುಕೊಂಡ ಒಂದೇ ದೋಷದ ಮೇಲೆ ಕಣ್ಣಿಡುವ ಕ್ರಮವೂ ಆ ಗ್ರಂಥದಲ್ಲಿದೆ. ವಾರದ ಪ್ರತಿ ದಿನಕ್ಕೆ ಎರಡೆರಡು ಗೆರೆ ಎಳೆದು, ಮಧ್ಯಾಹ್ನ ಮತ್ತು ರಾತ್ರಿ ಕುಳಿತು, ಎಡವಿದ ಪ್ರತಿ ಸಲಕ್ಕೆ ಒಂದೊಂದು ಚುಕ್ಕೆ ಇಡಬೇಕು. ನಿನ್ನೆಗೂ ಇಂದಿಗೂ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಬೇಕು. ಪ್ರೊಟೆಸ್ಟೆಂಟರಲ್ಲಿ ಜಾನ್ ವೆಸ್ಲಿ 1738ರಲ್ಲಿ ರೂಪಿಸಿದ ಕಿರುಕೂಟಗಳ ನಿಯಮವೂ ಇದಕ್ಕೆ ಹತ್ತಿರವಾದುದು. ವಾರಕ್ಕೊಮ್ಮೆ ಸೇರುವ ಸದಸ್ಯರು, ಯಾವ ಪ್ರಲೋಭನೆ ಎದುರಾಯಿತು, ಅದರಿಂದ ಪಾರಾದದ್ದು ಹೇಗೆ ಎಂಬ ಪ್ರಶ್ನೆಗಳಿಗೆ ಪರಸ್ಪರ ಉತ್ತರಿಸಬೇಕಿತ್ತು.

ಇಷ್ಟೆಲ್ಲ ಸಾಧನೆಯಿಂದಲೂ ಮನುಷ್ಯ ತನ್ನ ಬಲದಿಂದಲೇ ಗೆಲ್ಲುತ್ತಾನೆಂದು ಕ್ರೈಸ್ತಧರ್ಮ ಹೇಳುವುದಿಲ್ಲ. ಎಲ್ಲರೂ ಬಿಟ್ಟುಹೋದರೂ ತಾನು ಬಿಡೆನೆಂದು ಹೇಳಿದ ಶಿಷ್ಯ ಪೇತ್ರನು ಗೆತ್ಸೇಮನೆ ತೋಟದಲ್ಲಿ ಎಚ್ಚರವಿದ್ದು ಪ್ರಾರ್ಥಿಸಬೇಕಾದ ಹೊತ್ತಿನಲ್ಲಿ ನಿದ್ದೆಹೋದ, ಅದೇ ರಾತ್ರಿ ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ. ಅವನನ್ನು ಕೆಡವಿದ್ದು ತನ್ನ ಮೇಲೆ ತನಗಿದ್ದ ಅತಿಯಾದ ಭರವಸೆ. ಆದರೂ ಪುನರುತ್ಥಾನದ ನಂತರ ಯೇಸು ಅವನನ್ನು ಮೂರು ಸಲ ಪ್ರೀತಿಯ ಬಗ್ಗೆ ಕೇಳಿ, ತನ್ನ ಕುರಿಗಳನ್ನು ಮೇಯಿಸುವ ಹೊಣೆಯನ್ನು ಅವನಿಗೇ ಒಪ್ಪಿಸಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಶೋಧನೆಯಿಂದ ಕಾಪಾಡೆಂದು ಯೇಸು ಕಲಿಸಿದ ಪ್ರಾರ್ಥನೆ ದಿನವೂ ಬೇಡುವುದು, ಸಹಿಸಲಾರದ ಶೋಧನೆಯನ್ನು ದೇವರು ಬರಗೊಡನು, ಪಾರಾಗುವ ದಾರಿಯನ್ನೂ ಸಿದ್ಧಮಾಡುವನೆಂದು ಪೌಲನು ಕೊರಿಂಥದವರಿಗೆ ಧೈರ್ಯ ಹೇಳುವುದು, ಎರಡೂ ಈ ಕೃಪೆಯ ನಂಬಿಕೆಯಿಂದಲೇ.

ಕರ್ನಾಟಕದ ಕ್ಯಾಥೋಲಿಕ್ ಚರ್ಚುಗಳಲ್ಲೂ ಬೂದಿ ಬುಧವಾರದಿಂದ ತಪಸ್ಸುಕಾಲ ಆರಂಭವಾಗುತ್ತದೆ. ಅದರ ಮೊದಲ ಭಾನುವಾರ ಓದುವ ಸುವಾರ್ತೆ ಬೆಂಗಾಡಿನ ಶೋಧನೆಯದೇ. ಉಪವಾಸ, ಪ್ರಾರ್ಥನೆ, ದಾನಗಳೆಂಬ ಆ ಕಾಲದ ಮೂರು ಸಾಧನೆಗಳು ದೊಡ್ಡ ಆಸೆ ಬರುವ ಮೊದಲೇ ಸಣ್ಣ ಆಸೆಗಳಿಗೆ ಇಲ್ಲವೆನ್ನುವ ರೂಢಿಯನ್ನು ಮನಸ್ಸಿಗೆ ಹಿಡಿಸುತ್ತವೆ. ಈ ಅಭ್ಯಾಸಕ್ಕೆ ತಪಸ್ಸುಕಾಲವೇ ಬರಬೇಕೆಂದೇನೂ ಇಲ್ಲ. ತನ್ನನ್ನು ಹೆಚ್ಚು ಕಾಡುವ ದೌರ್ಬಲ್ಯವೊಂದನ್ನು ಗುರುತಿಸಿ, ನಂಬಿಕಸ್ಥರೊಬ್ಬರಿಗೆ ಅದನ್ನು ಹೇಳಿ, ಉತ್ತರದ ಮಾತೊಂದನ್ನು ಸಿದ್ಧವಾಗಿಟ್ಟುಕೊಂಡು, ಮಿಕ್ಕದ್ದಕ್ಕೆ ದೇವರ ನೆರವು ಬೇಡುವ ಕೆಲಸವನ್ನು ಯಾರೇ ಆಗಲಿ ಇಂದಿನಿಂದಲೇ ಆರಂಭಿಸಬಹುದು.