ರಮ್ಮಿ ಪಂದ್ಯಕ್ಕೆ ಸೇರಲೇ?
(ವಿದುರಾಶ್ವತ್ಥದಲ್ಲಿ ಸ್ವಸಹಾಯ ಸಂಘದ ಮಹಿಳೆಯರಿಗೆ ಹೇಳಿದ ಮಾತುಗಳು)



"ಮೊಬೈಲಿನಲ್ಲಿ ರಮ್ಮಿ ಪಂದ್ಯವಂತೆ. ನೂರು ರೂಪಾಯಿ ಕಟ್ಟಿ ಸೇರಲಾ ಅಕ್ಕಾ?" ಎಂದು ಹೊಸಬರು ಕೇಳಿದರೆ ಏನು ಹೇಳೋಣ? ಮೊದಲು ಲೆಕ್ಕ ಹಾಕೋಣ. ಹತ್ತು ಜನ ಕಟ್ಟಿದರೆ ಸಾವಿರ. ಆಡಿಸುವವರು ತಮ್ಮ ಪಾಲು ಹಿಡ್ಕೊಳ್ತಾರೆ. ಉಳಿದದ್ದು ಒಬ್ಬಿಬ್ಬರಿಗೆ, ಮಿಕ್ಕವರ ಕೈ ಖಾಲಿ. ನಮ್ಮ ಸಂಘದಲ್ಲಾದರೆ ಉಳಿತಾಯವೂ ನಮ್ಮದು, ಬಡ್ಡಿಯೂ ನಮ್ಮದು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಆದ್ದರಿಂದ ಮೋಸ ಹೋದವರು ನಾಚಿಕೆ, ಭಯ ಬಿಟ್ಟು ಕೂಡಲೇ 1930ಕ್ಕೆ ಫೋನ್ ಮಾಡಲಿ. ಸಂಘದಲ್ಲೂ ಹೇಳಲಿ, ನಾವು ಬೈಯುವುದು ಬೇಡ.

ಸಂಘದ ಸಾಲ ಹಸುವಿಗೆ, ರೇಷ್ಮೆಗೆ, ಮಕ್ಕಳ ಓದಿಗೆ. ಪಂದ್ಯಕ್ಕೆ ಬೇಡ.