ಟೊಮೆಟೊ ಊಜಿ: ಸಂಘದ ಸಭೆಯಲ್ಲಿ ಆಡಿದ ಮಾತು



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಸಂಘಗಳಿಗೆ ಹೋದಾಗ ನಾವು ಕೇಳುವ ಮಾತಿದು: ಸಾಲ ತಂದು ಟೊಮೆಟೊ ಹಾಕಿದೆವು, ಕಾಯಿಗೆಲ್ಲ ಸೂಜಿ ಚುಚ್ಚಿದ ಹಾಗೆ ತೂತು, ಕಂತು ಕಟ್ಟೋದು ಹೇಗೆ?

ಕೆಲವರು ಇದನ್ನು ಊಜಿ ಅಂತಾರೆ. ರೇಷ್ಮೆ ಹುಳುವಿನ ಊಜಿ ನೊಣವೇ ಬೇರೆ. ಇದು ಟ್ಯೂಟಾ ಎಂಬ ಬೂದುಬಣ್ಣದ ಪುಟ್ಟ ಚಿಟ್ಟೆಯ ಮರಿಹುಳು. ದಕ್ಷಿಣ ಅಮೆರಿಕದ್ದು. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2014ರಲ್ಲಿ, ಮಹಾರಾಷ್ಟ್ರದಲ್ಲಿ.

ಮೊದಲು ಎಲೆ ನೋಡಿ. ಹಾವಿನಂತೆ ಸುತ್ತಿದ ಗೆರೆಯಿದ್ದರೆ ಅದು ರಂಗೋಲಿ ಹುಳು. ಅಗಲವಾದ ಬಿಳಿ ಮಚ್ಚೆಯಿದ್ದು, ಬೆಳಕಿಗೆ ಹಿಡಿದಾಗ ಒಳಗೆ ಹುಳು, ಕಪ್ಪು ಹಿಕ್ಕೆ ಕಂಡರೆ ಇದೇ. ಆಗಲೇ ಕಿತ್ತುಬಿಡಿ. ತೂತಾದ ಕಾಯಿಯನ್ನು ಬದುವಿಗೋ ತಿಪ್ಪೆಗೋ ಎಸೆಯೋದು ನಾವೆಲ್ಲ ಮಾಡೋ ತಪ್ಪು. ಅಲ್ಲೇ ಚಿಟ್ಟೆಯಾಗಿ ಮತ್ತೆ ಹೊಲಕ್ಕೆ ಬರುತ್ತೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬಿಸಿಲಿಗಿಡಿ.

ಹುಳು ಎಲೆಯ ಒಳಗಿರೋದರಿಂದ ಮೇಲೆ ಹೊಡೆದ ಔಷಧಿ ಪೂರಾ ತಾಗಲ್ಲ. ಒಂದೇ ಔಷಧಿ ಮತ್ತೆ ಮತ್ತೆ ಹೊಡೆದರೆ ಅದಕ್ಕೂ ಒಗ್ಗಿಕೊಳ್ಳುತ್ತೆ, ದುಡ್ಡೂ ಹೋಯ್ತು. 10 ಲೀಟರ್ ನೀರಿಗೆ ಅರ್ಧ ಕೆ.ಜಿ. ಬೇವಿನ ಬೀಜದ ತಿರುಳಿನ ಪುಡಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಚೂರು ಸೋಪು ಕಲಸಿ ಸಂಜೆ ಹೊಡೆಯಿರಿ. ಹುಳು ಹೆಚ್ಚುವ ಮುಂಚೆ ಹೊಡೆದರೇ ಗುಣ.

ಮೋಹಕ ಬಲೆ ಎಕರೆಗೆ 16 ಬೇಕು, ಅದಕ್ಕೆ ಗಂಡು ಚಿಟ್ಟೆ ಬೀಳುತ್ತೆ. ಒಬ್ಬರೇ ಕಟ್ಟಿದರೆ ಸಾಲದು, ಪಕ್ಕದ ಹೊಲದ ಚಿಟ್ಟೆ ಹಾರಿ ಬರುತ್ತಲ್ಲ! ಸಂಘದಿಂದ ಒಟ್ಟಿಗೆ ತರಿಸಿ. ಬದನೆ, ಆಲೂಗೆಡ್ಡೆ, ಬದುವಿನ ಗಣಿಕೆ ಸೊಪ್ಪಿನಲ್ಲೂ ಇದು ಬದುಕುತ್ತೆ. ಟೊಮೆಟೊ ಮುಗಿದ ಹೊಲಕ್ಕೆ ರಾಗಿ ಹಾಕಿ.

ಅನುಮಾನದ ಎಲೆಯನ್ನು ಕವರಿನಲ್ಲಿ ಕಟ್ಟಿ ಮುಂದಿನ ಸಭೆಗೆ ತನ್ನಿ, ಒಟ್ಟಿಗೆ ನೋಡೋಣ.