ಮನೆಯವರಿಂದ ಮರೆಸಿದ ರೋಗ

ಮನೆಯಲ್ಲೊಬ್ಬರಿಗೆ ಭಾರಿ ಕಾಯಿಲೆ ಬಂದರೆ ಅದನ್ನು ಉಳಿದವರಿಂದ ಮರೆಸಿಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ವೃದ್ಧರು ಎದೆಗುಂದಿಯಾರು, ಕೂಡಿಬಂದ ಸಂಬಂಧ ತಪ್ಪೀತು, ನೆರೆಯವರು ದೂರ ಸರಿದಾರು ಎಂಬ ಭಯವೇ ಇದಕ್ಕೆ ಕಾರಣ. ಈ ಭಯವನ್ನು ನಾವು ಹಗುರವಾಗಿ ಕಾಣತಕ್ಕದ್ದಲ್ಲ. ಅದು ಬಹುಮಟ್ಟಿಗೆ ಪ್ರೀತಿಯಿಂದಲೇ ಹುಟ್ಟಿದುದು.

ನಮ್ಮ ಅನುಭವವನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣನವರಿಗೆ ಶ್ವಾಸಕೋಶದ ಕ್ಷಯವೆಂದು ವೈದ್ಯರು ನಿರ್ಧರಿಸಿದರು. ಆಗ ತಂಗಿಯ ಮದುವೆಯ ಮಾತು ನಡೆದಿದ್ದಿತು. ತಾಯಿಯವರಿಗೆ ಸಂಗತಿ ತಿಳಿಯಕೂಡದೆಂದು ಅಣ್ಣನವರೂ ಅತ್ತಿಗೆಯವರೂ ನಾವೂ ಗೊತ್ತುಮಾಡಿಕೊಂಡೆವು. ಕೆಮ್ಮಿಗೆ ಶೀತವೆಂದು ಹೆಸರಿಟ್ಟೆವು. ಮಾತ್ರೆಗಳನ್ನು ಪುಸ್ತಕದ ಬೀರುವಿನಲ್ಲಿರಿಸಿದೆವು. ಅಣ್ಣನವರ ತಟ್ಟೆ ಲೋಟಗಳನ್ನು ಗುಟ್ಟಾಗಿ ಬೇರೆಮಾಡಿ, ಎಚ್ಚರದಿಂದಿದ್ದೇವೆಂದು ಸಮಾಧಾನಪಟ್ಟೆವು. ಆದರೆ ಅವರ ಐದು ವರ್ಷದ ಮಗು ಮಾತ್ರ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಎಂದಿನಂತೆ ಅವರ ಮಗ್ಗುಲಲ್ಲೇ ಮಲಗುತ್ತಿದ್ದಿತು. ಬೇರೆ ಮಲಗಿಸಿದರೆ ತಾಯಿಯವರು ಕಾರಣ ಕೇಳುವರಲ್ಲವೆ?

ಈ ರೋಗದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಕ್ ಎಂಬ ಪಂಡಿತನು 1882ರಲ್ಲಿಯೇ ಲೋಕಕ್ಕೆ ತೋರಿಸಿಕೊಟ್ಟನು. ಅದು ಹರಡುವುದು ತಟ್ಟೆ ಲೋಟಗಳಿಂದಲ್ಲ. ರೋಗಿ ಕೆಮ್ಮಿದಾಗ ಗಾಳಿಯಲ್ಲಿ ಸೇರುವ ಸೂಕ್ಷ್ಮ ಹನಿಗಳಿಂದ. ಸಾಮಾನ್ಯ ಬಗೆಯ ಕ್ಷಯಕ್ಕೆ ಈಗ ಆರು ತಿಂಗಳ ಔಷಧವುಂಟು. ಆದರೆ ಒಂದೇ ಮನೆಯಲ್ಲಿ ವಾಸಿಸುವವರೆಲ್ಲರ ಪರೀಕ್ಷೆಯೂ ನಡೆಯಬೇಕು. ಚಿಕ್ಕ ಮಕ್ಕಳಿಗೆ ರೋಗ ಬಾರದಂತೆ ಮದ್ದು ಕೊಡಬೇಕು. ಗುಟ್ಟಿದ್ದೆಡೆಯಲ್ಲಿ ಇವೆರಡೂ ನಡೆಯಲಾರವು.

ವೈದ್ಯರು ಮನೆಯವರನ್ನೆಲ್ಲ ಕರೆತರಹೇಳಿದಾಗ ನಮಗೆ ಬೇರೆ ದಾರಿ ಉಳಿಯಲಿಲ್ಲ. ತಾಯಿಯವರು ಶಾಂತರಾಗಿ ಕೇಳಿ, “ರಾತ್ರಿ ಬೆವರಿಗೆ ತೊಯ್ದ ದಿಂಬಿನ ಗೌಸನ್ನು ದಿನವೂ ಒಗೆದವಳು ನಾನು ಕಣಪ್ಪ. ನೀವೇ ಹೇಳುವಿರೆಂದು ಕಾದಿದ್ದೆ,” ಎಂದರು. ನಾವು ತಲೆತಗ್ಗಿಸಿದೆವು. ತಿಂಗಳುಗಟ್ಟಲೆ ಅವರು ಒಬ್ಬರೇ ಅಳುಕಿದ್ದರು.

ಮಗುವಿಗೆ ರೋಗ ತಗುಲಿರಲಿಲ್ಲ, ಅಣ್ಣನವರೂ ಗುಣಹೊಂದಿದರು. ತಂಗಿಗೆ ಬಂದಿದ್ದ ಆ ಸಂಬಂಧ ಮಾತ್ರ ತಪ್ಪಿಹೋಯಿತು. ಸತ್ಯಕ್ಕೆ ಬೆಲೆಯಿಲ್ಲವೆಂದು ನಾವು ಹೇಳಲಾರೆವು.

ಮೈಸೂರಿನಲ್ಲಿ 1921ರಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವು ಏರ್ಪಟ್ಟಾಗ, ಅದೇ ರೋಗಕ್ಕೆ ತುತ್ತಾಗಿದ್ದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಅದಕ್ಕಿಟ್ಟರು. ಅರಮನೆಯು ಮರೆಸದಿದ್ದುದನ್ನು ನಾವೇಕೆ ಮರೆಸಬೇಕು? ಬೀದಿಗೆ ತಿಳಿಸುವುದೂ ಬಿಡುವುದೂ ರೋಗಿಯ ಇಚ್ಛೆ. ಅವನೊಡನೆ ಒಂದೇ ಗಾಳಿಯನ್ನು ಉಸಿರಾಡುವವರಿಗಾದರೋ, ತಿಳಿಯುವ ಹಕ್ಕುಂಟು.